ಕೊಪ್ಪಳದ ರೇಖಾಂಶದ ಆ ತುದಿಯಲ್ಲೊಂದು ಕೊಲ್ಲಿ

ನಕಾಶೆಯಲ್ಲಿ 76 ಡಿಗ್ರಿ 11 ಮಿನಿಟು ಪೂರ್ವ ರೇಖಾಂಶದ ಗೆರೆ ಕುಷ್ಟಗಿ ಮತ್ತು ಕೊಪ್ಪಳಗಳ ಮಗ್ಗುಲಲ್ಲೇ ಹಾದು ಕೊಚ್ಚಿಯ ಹತ್ತಿರ ಕಡಲಿಗೆ ಇಳಿಯುತ್ತದೆ. ಅಲ್ಲಿಂದಾಚೆ ಬರೀ ನೀರು. ಒಂದು ನಡುಗಡ್ಡೆಯೂ ಅಡ್ಡ ಬರುವುದಿಲ್ಲ. ಕೊಪ್ಪಳದಿಂದ ಸುಮಾರು 9,400 ಕಿ.ಮೀ. ದಕ್ಷಿಣದಲ್ಲಿ ಮತ್ತೆ ನೆಲ ಸಿಕ್ಕಾಗ ಅದು ಅಂಟಾರ್ಕ್ಟಿಕದ ಪ್ರಿಡ್ಜ್ ಕೊಲ್ಲಿಯ ದಂಡೆ. 2012ರ ಮಾರ್ಚ್ 18ರಂದು ಕೆಲಸ ಆರಂಭಿಸಿದ ಭಾರತದ ‘ಭಾರತಿ’ ಸಂಶೋಧನಾ ನೆಲೆ ಇರುವುದು ಇಲ್ಲಿನ ಲಾರ್ಸ್‌ಮನ್ ಗುಡ್ಡಗಳಲ್ಲಿ.

ಈ ಕೊಲ್ಲಿಯನ್ನು ಕಂಡುಹಿಡಿದ ಕೀರ್ತಿ ಒಬ್ಬರದಲ್ಲ. 1931ರ ಆರಂಭದಲ್ಲಿ ನಾರ್ವೆಯ ತಿಮಿಂಗಿಲ ಬೇಟೆಗಾರರೂ ಡಗ್ಲಸ್ ಮಾಸನ್ ನೇತೃತ್ವದ ಬ್ರಿಟನ್-ಆಸ್ಟ್ರೇಲಿಯ-ನ್ಯೂಜಿಲೆಂಡ್ ತಂಡವೂ ಇದರ ಬೇರೆ ಬೇರೆ ಅಂಚುಗಳನ್ನು ಕಂಡರು. 1935ರ ಫೆಬ್ರವರಿಯಲ್ಲಿ ಕಪ್ತಾನ ಕ್ಲಾರಿಯಸ್ ಮಿಕೆಲ್ಸನ್ ಇನ್ನಷ್ಟು ದಂಡೆಯನ್ನು ಶೋಧಿಸಿದ. ವಿವರವಾದ ನಕಾಶೆ ಸಿದ್ಧವಾದದ್ದು ಲಾರ್ಸ್ ಕ್ರಿಸ್ಟೆನ್ಸನ್‌ನ 1936-37ರ ಯಾನದ ನಂತರ.

ಹೆಸರುಗಳ ಕತೆ ಇನ್ನೂ ಸ್ವಾರಸ್ಯದ್ದು. ಕೊಲ್ಲಿಗೆ ಹೆಸರಾದ ಓಲಾಫ್ ಪ್ರಿಡ್ಜ್ ಧ್ರುವಯಾತ್ರಿಯಲ್ಲ. ನಾರ್ವೆಯ ಸಾಂಡೆಫ್ಯೋರ್ಡ್ ಪಟ್ಟಣದಲ್ಲಿ ತಿಮಿಂಗಿಲ ಬೇಟೆಯವರ ವಿಮಾ ಸಂಘದ ಪ್ರಧಾನ ವ್ಯವಸ್ಥಾಪಕ. ಕ್ರಿಸ್ಟೆನ್ಸನ್ ಬೇಟೆ ಹಡಗುಗಳ ಒಡೆಯ. ದಂಡೆಗೆ ಅವನ ಹೆಂಡತಿ ಇಂಗ್ರಿಡ್ ಹೆಸರು, ಗುಡ್ಡಗಳಿಗೆ ಚಿಕ್ಕ ಮಗ ಲಾರ್ಸ್‌ನ ಮುದ್ದಿನ ಹೆಸರು. ಕೊಲ್ಲಿಯ ಪಶ್ಚಿಮದ ಕವಲು ಮಾತ್ರ ಮಾಸನ್ ತಂಡದ ‘ಡಿಸ್ಕವರಿ’ ಹಡಗಿನ ಕಪ್ತಾನ ಮೆಕೆಂಜಿಗೆ ಸಂದಿತು. ಭಾರತಿಯ ಪಕ್ಕದ ಪುಟ್ಟ ಕ್ವಿಲ್ಟಿ ಕೊಲ್ಲಿ ನೆನಪಿಸುವುದು ಆಸ್ಟ್ರೇಲಿಯದ ಭೂವಿಜ್ಞಾನಿ ಪ್ಯಾಟ್ರಿಕ್ ಕ್ವಿಲ್ಟಿಯನ್ನು. ತಿಮಿಂಗಿಲದೆಣ್ಣೆ ವ್ಯಾಪಾರದ ಕಾಲದಿಂದ ವಿಜ್ಞಾನದ ಕಾಲಕ್ಕೆ ಬಂದ ದಾರಿ ಈ ಕೆಲವೇ ಹೆಸರುಗಳಲ್ಲಿ ಕಾಣುತ್ತದೆ.

ರೇಖೆಯ ಈ ತುದಿಯಲ್ಲಿ ಹೆಸರು ಹುಟ್ಟಿದ ಬಗೆಯೇ ಬೇರೆ. ಇಂದಿನ ಕೊಪ್ಪಳ 9ನೇ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಕೊಪಣನಗರವಾಗಿ ಬರುತ್ತದೆ, ತಿರುಳ್ಗನ್ನಡ ನಾಡಿನ ಗುರುತಾಗಿ. ಅದು ಜನರ ಬಾಯಲ್ಲಿ ಸವೆದು, ಬದಲಾಗಿ ಉಳಿದ ಹೆಸರು. ಪ್ರಿಡ್ಜ್ ಕೊಲ್ಲಿಯ ದಂಡೆಯಲ್ಲಿ ಹೆಸರು ಹಿಡಿದು ಕರೆಯಲು ಊರೂ ಇರಲಿಲ್ಲ, ಒಕ್ಕಲೂ ಇರಲಿಲ್ಲ. ಆದ್ದರಿಂದ ಅಲ್ಲಿ ಹೆಸರು ಮೊದಲು ನಕಾಶೆಗೆ ಬಂತು, ಮನುಷ್ಯರ ವಾಸ ಆಮೇಲೆ. ಸ್ಥಳನಾಮ ಅಧ್ಯಯನ ಮಾಡುವವರು ಈ ವ್ಯತ್ಯಾಸವನ್ನು ಗಂಭೀರವಾಗಿ ಪರಿಗಣಿಸಬೇಕು.

ಆದರೂ ಎರಡೂ ತುದಿಗಳಿಗೆ ಹಳೆಯ ನಂಟಿದೆ. ಭಾರತ ಮತ್ತು ಅಂಟಾರ್ಕ್ಟಿಕ ಒಂದಾಗಿದ್ದ ಕಾಲದ ಸುಳಿವು ಹುಡುಕುವವರು ಲಾರ್ಸ್‌ಮನ್ ಗುಡ್ಡಗಳ ಬಂಡೆಗಳನ್ನು ಪೂರ್ವಘಟ್ಟದ ಬಂಡೆಗಳೊಂದಿಗೆ ಹೋಲಿಸುತ್ತಾರೆ. ಅಂದಿನ ಆ ಮಹಾಖಂಡಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಗೊಂಡ್ವಾನ: ಮಧ್ಯಭಾರತದ ಗೊಂಡರ ನಾಡಿನ ಹೆಸರು.