ಹಾಳೆಯ ಗುಣ, ಮಡಿಕೆಯ ಚರಿತ್ರೆ

ಕಾಗದವನ್ನು ಮಡಿಸಿ ಆಕೃತಿಗಳನ್ನು ರೂಪಿಸುವ ಜಪಾನಿನ ಕಲೆಯಾದ ಓರಿಗಾಮಿಯ ಚರಿತ್ರೆಯನ್ನು, ಯಾವ ಕಾಲದಲ್ಲಿ ಯಾವ ಹಕ್ಕಿ, ಯಾವ ಹೂವು ಮೂಡಿತೆಂಬ ಲೆಕ್ಕವಾಗಿ ಹೇಳುವ ರೂಢಿಯಿದೆ. ಆದರೆ ಪ್ರತಿಯೊಂದು ಕಾಲದ ಮಡಿಕೆಯೂ ಆಗ ದೊರೆಯುತ್ತಿದ್ದ ಕಾಗದದ ಗುಣವನ್ನು ನೆಚ್ಚಿಕೊಂಡೇ ಬೆಳೆದಿರುವುದರಿಂದ, ಈ ಕಲೆ ತುಳಿದ ದಾರಿಯನ್ನು ಅರಿಯಲು ಹಾಳೆಯ ಚರಿತ್ರೆಯನ್ನೂ ಜೊತೆಗಿಟ್ಟು ನೋಡಬೇಕಾಗುತ್ತದೆ.

ಚೀನಾದಲ್ಲಿ ಹುಟ್ಟಿದ ಕಾಗದ ತಯಾರಿಕೆಯ ವಿದ್ಯೆ ಕೊರಿಯಾದ ಮಾರ್ಗವಾಗಿ ಜಪಾನನ್ನು ತಲುಪಿತು. 610ರಲ್ಲಿ ಅಲ್ಲಿಗೆ ಬಂದ ದೊಂಚೊ ಎಂಬ ಕೊರಿಯಾದ ಭಿಕ್ಷು ಕಾಗದ ಮತ್ತು ಮಸಿಯ ತಯಾರಿಕೆಯಲ್ಲಿ ನಿಪುಣನಾಗಿದ್ದನೆಂದು 'ನಿಹೊನ್ ಶೋಕಿ' ಎಂಬ ಪ್ರಾಚೀನ ಇತಿಹಾಸಗ್ರಂಥ ದಾಖಲಿಸಿದೆ. ಜಪಾನೀಯರು ಈ ವಿದ್ಯೆಯನ್ನು ಬೆಳೆಸಿ ರೂಪಿಸಿದ ಕೈಕಾಗದಕ್ಕೆ ವಾಶಿ ಎಂದು ಹೆಸರು. ಹಿಪ್ಪುನೇರಳೆಯ ಕುಟುಂಬಕ್ಕೆ ಸೇರಿದ ಕೋಜೊ, ಜೊತೆಗೆ ಮಿತ್ಸುಮಾತಾ ಮತ್ತು ಗಂಪಿ ಎಂಬ ಗಿಡಗಳ ಒಳತೊಗಟೆಯನ್ನು ಕ್ಷಾರದ ನೀರಿನಲ್ಲಿ ಬೇಯಿಸಿ, ಜಜ್ಜಿ, ಬೆಂಡೆಯ ಹತ್ತಿರದ ಸಂಬಂಧಿಯಾದ ತೊರೊರೊ-ಆಓಯಿ ಗಿಡದ ಬೇರಿನ ಲೋಳೆಯೊಡನೆ ನೀರಿನಲ್ಲಿ ಕದಡಿ, ಜಾಲರಿಯ ಮೇಲೆ ಮತ್ತೆ ಮತ್ತೆ ತೂಗಾಡಿಸಿ ಹಾಳೆ ಎತ್ತಲಾಗುತ್ತದೆ. ಲೋಳೆಯ ದೆಸೆಯಿಂದ ನೀರು ನಿಧಾನವಾಗಿ ಬಸಿಯುವುದರಿಂದ ಉದ್ದುದ್ದನೆಯ ನಾರುಗಳು ಒಂದಕ್ಕೊಂದು ಹೆಣೆದುಕೊಳ್ಳಲು ಸಮಯ ಸಿಗುತ್ತದೆ; ಹೀಗೆ ಸಿದ್ಧವಾದ ಹಾಳೆ ತೆಳುವಾಗಿದ್ದರೂ ಮಡಿಕೆಯ ಗೆರೆಯಲ್ಲಿ ಸುಲಭವಾಗಿ ಬಿರಿಯುವುದಿಲ್ಲ.

ಮುರೊಮಾಚಿ ಯುಗದ (1336–1573) ಸಮುರಾಯ್ ಸಮಾಜದಲ್ಲಿ ಕಾಣಿಕೆಗಳನ್ನು ಯಾವ ಕಾಗದದಲ್ಲಿ, ಯಾವ ಕ್ರಮದಲ್ಲಿ ಸುತ್ತಬೇಕೆಂಬುದು ಶಿಷ್ಟಾಚಾರದ ಭಾಗವಾಗಿ ಬೆಳೆಯಿತು, ಮತ್ತು ಆ ಪರಂಪರೆಯ ಕುಟುಂಬವೊಂದಕ್ಕೆ ಸೇರಿದ ಇಸೆ ಸದಾತಾಕೆ ಅದರ ನಿಯಮಗಳನ್ನು 1764ರ 'ತ್ಸುತ್ಸುಮಿ ನೊ ಕಿ' ಎಂಬ ಕೃತಿಯಲ್ಲಿ ಬರೆದಿಟ್ಟ. ವಿನೋದಕ್ಕಾಗಿ ಮಡಿಸುವ ಪದ್ಧತಿಗೆ ಸಂಬಂಧಿಸಿದ ಬಹುಮುಖ್ಯ ಗ್ರಂಥ 1797ರಲ್ಲಿ ಕ್ಯೋಟೊದಲ್ಲಿ ಪ್ರಕಟವಾದ 'ಹಿದೆನ್ ಸೆಂಬಾಜುರು ಒರಿಕಾತಾ'. ಅದರಲ್ಲಿರುವ 49 ವಿನ್ಯಾಸಗಳಲ್ಲಿ ಒಂದೇ ಹಾಳೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸುವಾಗ ಮೂಲೆಗಳಲ್ಲಿ ಕಿರಿದಾದ ಬೆಸುಗೆಯನ್ನು ಉಳಿಸಿಕೊಂಡು, ಪ್ರತಿ ಚೌಕವನ್ನೂ ಒಂದೊಂದು ಕೊಕ್ಕರೆಯಾಗಿ ಮಡಿಸುತ್ತಾರೆ. ಕೊನೆಗೆ ಕೊಕ್ಕರೆಗಳು ರೆಕ್ಕೆಯ ತುದಿಯಲ್ಲೋ ಕೊಕ್ಕಿನಲ್ಲೋ ಒಂದಕ್ಕೊಂದು ಕೂಡಿ ನಿಲ್ಲುತ್ತವೆ, ಮಡಿಸುವಾಗಿನ ಎಳೆತ ಜಗ್ಗಾಟವನ್ನೆಲ್ಲ ಆ ಎಳೆಯಷ್ಟು ಬೆಸುಗೆಯೇ ತಾಳಿಕೊಳ್ಳುತ್ತದೆ. ಮೋಟು ನಾರಿನ ಕಾಗದ ಅಲ್ಲಿ ಹರಿದುಹೋಗುವುದರಿಂದ, ಈ ವಿನ್ಯಾಸಗಳ ಹಿಂದೆ ಮಡಿಸುವವನ ಕೈಚಳಕದಷ್ಟೇ ಕಾಗದ ಮಾಡಿದವನ ಶ್ರಮವೂ ಇದೆಯೆನ್ನಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರದ ಕಾಗದ ಈ ಚಿತ್ರವನ್ನು ಬದಲಿಸಿತು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ರೂಪಿಸಿದ ಕಿಂಡರ್‌ಗಾರ್ಟನ್ ಶಿಕ್ಷಣದಲ್ಲಿ ಕಾಗದ ಮಡಿಸುವುದು ಒಂದು ಪಾಠವಾಗಿತ್ತು. 1876ರಲ್ಲಿ ಟೋಕಿಯೊದಲ್ಲಿ ಶಿಶುವಿಹಾರ ಆರಂಭವಾದಾಗ ಆ ಪದ್ಧತಿ ಜಪಾನಿನ ಸ್ವಂತ ಪರಂಪರೆಯೊಡನೆ ಬೆರೆಯಿತು. ದಕ್ಷಿಣ ಭಾರತಕ್ಕೂ ಅದರ ಪ್ರಭಾವ ಹರಿದುಬಂದಿತೆಂಬುದಕ್ಕೆ 1893ರಲ್ಲಿ ಮದ್ರಾಸಿನಲ್ಲಿ ಪ್ರಕಟವಾದ ಟಿ. ಸುಂದರರಾಯರ ಕಾಗದ ಮಡಿಕೆಯ ರೇಖಾಗಣಿತ ಗ್ರಂಥವೇ ಸಾಕ್ಷಿ. ಕಿಂಡರ್‌ಗಾರ್ಟನ್ನಿನ ಎಂಟನೆಯ ಉಪಕರಣದಲ್ಲಿದ್ದ 200 ಬಣ್ಣದ ಚೌಕಗಳಿಂದ ಪ್ರೇರಣೆ ಪಡೆದ ಸುಂದರರಾಯರು, ಹದವಾದ ದಪ್ಪದ ಯಾವ ಕಾಗದವಾದರೂ ಸಾಕೆಂದೂ, ಬಣ್ಣದ ಹಾಳೆಯಲ್ಲಿ ಮಡಿಕೆಯ ಗೆರೆ ಹೆಚ್ಚು ಸ್ಪಷ್ಟವಾಗಿ ಕಾಣುವುದೆಂದೂ ಸೂಚಿಸಿದರು. ಅಗ್ಗದ ಹಾಳೆಯಿಂದಾಗಿ ಈ ವಿದ್ಯೆ ಶಾಲೆಯ ಮಕ್ಕಳೆಲ್ಲರ ಕೈಗೆಟುಕಿತಾದರೂ, ಕಲೆಯೆಂಬ ಗೌರವ ಹಿಂದೆ ಸರಿದು ಮಕ್ಕಳಾಟವೆಂಬ ಭಾವನೆ ಬಲವಾಯಿತು.

ಆ ಗೌರವವನ್ನು ಮರಳಿ ತಂದವರಲ್ಲಿ ಅಕಿರಾ ಯೊಶಿಜಾವಾ (1911–2005) ಅಗ್ರಗಣ್ಯರು. ಮಡಿಕೆಯ ಹಂತಗಳನ್ನು ಚುಕ್ಕೆಗೆರೆ ಮತ್ತು ಬಾಣಗಳಿಂದ ಸೂಚಿಸುವ ಚಿತ್ರಲಿಪಿಯನ್ನು 1954ರ ತಮ್ಮ ಗ್ರಂಥದಲ್ಲಿ ಬಳಸಿದ ಅವರು, ಒದ್ದೆ ಮಡಿಕೆಯೆಂಬ ವಿಧಾನವನ್ನೂ ರೂಪಿಸಿದರು. ಬಟ್ಟೆಗೆ ಹಾಕುವ ಗಂಜಿಯಂತೆ ಕಾಗದಕ್ಕೂ ಗಡಸುತನ ಕೊಡುವ ಅಂಟನ್ನು ಹಾಕಿರುತ್ತಾರೆ. ದಪ್ಪ ಹಾಳೆಯನ್ನು ಹದವಾಗಿ ತೇವಗೊಳಿಸಿದಾಗ ಆ ಅಂಟು ಸಡಿಲವಾಗಿ ಹಾಳೆ ಬಾಗುತ್ತದೆ, ಒಣಗಿದಾಗ ಕೊಟ್ಟ ಬಾಗಿನಲ್ಲಿಯೇ ಗಟ್ಟಿಯಾಗುತ್ತದೆ. ಇದರಿಂದ ಚೂಪು ಗೆರೆಗಳ ಆಕೃತಿಗಳ ಪಕ್ಕದಲ್ಲಿ ಮೈದುಂಬಿದ, ಶಿಲ್ಪಸದೃಶವಾದ ಪ್ರಾಣಿಗಳು ಮೂಡಿಬಂದವು.

ಇಂದು ಒಂದು ಬದಿಗೆ ಮಾತ್ರ ಬಣ್ಣವಿರುವ 15 ಸೆಂಟಿಮೀಟರ್ ಚೌಕ ಎಲ್ಲೆಡೆ ಪರಿಚಿತವಾಗಿದ್ದರೂ, ನುರಿತವರು ಆಕೃತಿಗೆ ತಕ್ಕ ಹಾಳೆಯನ್ನೇ ಆರಿಸುತ್ತಾರೆ. ಯಂತ್ರದ ಕಾಗದದಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುವುದರಿಂದ, ಹಾಳೆಯನ್ನು ಎರಡೂ ಕಡೆಗೆ ಮೆಲ್ಲನೆ ಬಾಗಿಸಿ ಯಾವ ಕಡೆಗೆ ಅದು ಸುಲಭವಾಗಿ ಮಣಿಯುವುದೆಂದು ಮೊದಲು ನೋಡಿಕೊಳ್ಳುತ್ತಾರೆ; ಪದರದ ಮೇಲೆ ಪದರ ಬೀಳುವ ಕೀಟಗಳಂಥ ಆಕೃತಿಗಳಿಗೆ ತೆಳುವಾದ, ಬಲವಾದ ನಾರಿನ ಹಾಳೆಯನ್ನು ಹುಡುಕುತ್ತಾರೆ. ಕೋಜೊ ನಾರಿನಿಂದ ವಾಶಿ ತಯಾರಿಸುವ ಜಪಾನಿನ ಮೂರು ಪರಂಪರೆಗಳನ್ನು ಯುನೆಸ್ಕೊ 2014ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ದೃಷ್ಟಿಯಿಂದಲೂ ಮಹತ್ವದ್ದು. ಮಡಿಸುವವನ ಕಲ್ಪನೆಗೆ ಎಲ್ಲೆ ಹಾಕುವುದೂ ಆ ಎಲ್ಲೆಯನ್ನು ವಿಸ್ತರಿಸುವುದೂ ಹಾಳೆಯೇ ಆಗಿರುವಾಗ, ಕಾಗದ ಮಾಡುವವರ ವಿದ್ಯೆ ಉಳಿದರೆ ಮಾತ್ರ ಮಡಿಕೆಯ ಕಲೆಗೆ ಮುಂದಿನ ದಾರಿ ತೆರೆದಿರುತ್ತದೆ.