ಕೋಪಾನ್: ಕಲ್ಲಿನಲ್ಲಿ ಉಳಿದ ರಾಜವಂಶ

ಮಧ್ಯ ಅಮೆರಿಕೆಯ ಹೊಂಡುರಾಸ್ ದೇಶದ ಪಶ್ಚಿಮದ ಅಂಚಿನಲ್ಲಿ, ಗ್ವಾಟೆಮಾಲಾದ ಗಡಿಗೆ ಸಮೀಪವಾಗಿ, ಕೋಪಾನ್ ಹೊಳೆಯ ದಂಡೆಯ ಮೇಲೆ ಒಂದು ಪ್ರಾಚೀನ ನಗರದ ಅವಶೇಷಗಳಿವೆ. ಅದನ್ನು ಕಟ್ಟಿದವರು ಮಾಯಾ ಜನ. ಕ್ರಿ.ಶ. 5ನೆಯ ಶತಮಾನದಿಂದ 9ನೆಯ ಶತಮಾನದ ಆರಂಭದವರೆಗೆ, ಸುಮಾರು ನಾನ್ನೂರು ವರ್ಷ, ಒಂದೇ ರಾಜವಂಶ ಇಲ್ಲಿ ಆಳಿತು. ಮಾಯಾ ನಗರಗಳಲ್ಲಿ ಇದಕ್ಕಿಂತ ವಿಸ್ತಾರವಾದವು ಉಂಟು; ಇದಕ್ಕಿಂತ ಎತ್ತರವಾದ ಗುಡಿಗಳುಳ್ಳವೂ ಉಂಟು. ಆದರೆ ಶಿಲ್ಪದ ಸೊಬಗಿನಲ್ಲಿ, ಶಾಸನಗಳ ಸಮೃದ್ಧಿಯಲ್ಲಿ ಕೋಪಾನಿಗೆ ಸಾಟಿಯಾದವು ತೀರ ಕಡಿಮೆ. ಈ ಶಿಲ್ಪಗಳೂ ಶಾಸನಗಳೂ ನೂರು ವರ್ಷಕ್ಕೂ ಮಿಕ್ಕಿ ಪಂಡಿತರನ್ನು ಕಾಡಿ, ಕೊನೆಗೆ ತಮ್ಮ ಕಥೆಯನ್ನು ತಾವೇ ಹೇಳಿದುದು ಸ್ವಾರಸ್ಯವಾದ ವಿಷಯ.

ಹೊರಜಗತ್ತಿಗೆ ಕೋಪಾನಿನ ಪರಿಚಯ ಮಾಡಿಸಿದವರು ಅಮೆರಿಕದ ಜಾನ್ ಲಾಯ್ಡ್ ಸ್ಟೀಫನ್ಸ್ ಮತ್ತು ಇಂಗ್ಲೆಂಡಿನ ಚಿತ್ರಕಾರ ಫ್ರೆಡರಿಕ್ ಕ್ಯಾಥರ್‌ವುಡ್. 1839ರಲ್ಲಿ ಇವರು ಅಲ್ಲಿಗೆ ಹೋದಾಗ ನಗರವನ್ನು ದಟ್ಟವಾದ ಕಾಡು ನುಂಗಿತ್ತು. ಕೆಲಸಕ್ಕೆ ಅಡ್ಡಿಯಾಗದಿರಲೆಂದು ಸ್ಟೀಫನ್ಸ್ ಆ ಅವಶೇಷಗಳನ್ನು ಐವತ್ತು ಡಾಲರಿಗೆ ಕೊಂಡುಬಿಟ್ಟ! ಯೂರೋಪಿನ ಶಿಲ್ಪಗಳಿಗೆ ಒಗ್ಗಿದ್ದ ಕ್ಯಾಥರ್‌ವುಡ್ಡನ ಕೈಗೆ ಈ ಜಟಿಲವಾದ ಕೆತ್ತನೆಗಳು ಮೊದಮೊದಲು ದಕ್ಕಲೇ ಇಲ್ಲ. ಪಟ್ಟುಹಿಡಿದು ಬರೆದ ಮೇಲೆ ಅವನ ಚಿತ್ರಗಳು 1841ರಲ್ಲಿ ಸ್ಟೀಫನ್ಸನ ಪ್ರವಾಸಗ್ರಂಥದಲ್ಲಿ ಅಚ್ಚಾದವು. ಒಂದು ಅಕ್ಷರವನ್ನೂ ಓದಲಾರದ ಸ್ಟೀಫನ್ಸ್, ಈ ನಗರದ ಚರಿತ್ರೆ ಈ ಕಲ್ಲುಗಳ ಮೇಲೆಯೇ ಇದೆ ಎಂದು ಊಹಿಸಿದ್ದ.

ಮುಂದೆ ಬಂದ ವಿದ್ವಾಂಸರು ಆ ಊಹೆಯನ್ನು ಬಹುಕಾಲ ಕೈಬಿಟ್ಟರು. ಕಾರಣವೂ ಇತ್ತು. ಮಾಯಾ ಬರಹದಲ್ಲಿ ಮೊದಲು ಅರ್ಥವಾದದ್ದು ಅಂಕಿಗಳು ಮತ್ತು ಕಾಲಗಣನೆ. ಅದರಿಂದ, ಇವರು ಯುದ್ಧವನ್ನರಿಯದೆ ಗ್ರಹತಾರೆಗಳ ಲೆಕ್ಕದಲ್ಲೇ ಮುಳುಗಿದ್ದ ಪುರೋಹಿತರು ಎಂಬ ಭಾವನೆ ಬೇರೂರಿತು. ಕೋಪಾನಿನಲ್ಲಿ ನಾಲ್ಕು ಅಡಿಯಷ್ಟು ಎತ್ತರದ ಒಂದು ಚೌಕ ಪೀಠವಿದೆ. ಅದರ ನಾಲ್ಕು ಮುಖಗಳಲ್ಲಿ ನಾಲ್ವರಂತೆ ಹದಿನಾರು ಮಂದಿ ಕುಳಿತಿದ್ದಾರೆ. ಪಂಚಾಂಗವನ್ನು ತಿದ್ದಲು ಸೇರಿದ ಜ್ಯೋತಿಷಿಗಳ ಸಭೆಯಿದು ಎಂದು ದೊಡ್ಡ ದೊಡ್ಡವರೇ ಬರೆದರು.

ಇನ್ನೊಂದು ತರ್ಕ ನಮ್ಮ ದೇಶದವರೆಗೂ ಬಂತು. 731ರ ಒಂದು ಕಂಬಶಿಲೆಯ ಮೇಲ್ತುದಿಯಲ್ಲಿ ಉದ್ದನೆಯ, ಬಾಗಿದ ಮೂತಿಯ ಎರಡು ತಲೆಗಳಿವೆ. ಅವು ಮಾವುತರನ್ನು ಹೊತ್ತ ಭಾರತದ ಆನೆಗಳೆಂದೂ, ಆದುದರಿಂದ ಅಮೆರಿಕದ ನಾಗರಿಕತೆಗೆ ಏಷ್ಯವೇ ಮೂಲವೆಂದೂ ಗ್ರಾಫ್ಟನ್ ಎಲಿಯಟ್ ಸ್ಮಿತ್ ಎಂಬ ವಿದ್ವಾಂಸ ವಾದಿಸಿ, 1924ರಲ್ಲಿ ಒಂದು ಪುಸ್ತಕವನ್ನೇ ಬರೆದ. ನಮಗೆ ಹಿತವಾಗಬಹುದಾದ ಮಾತು, ಆದರೆ ನಿಜವಲ್ಲ. ಅದು ಸೊಂಡಿಲಲ್ಲ, ಮಕಾ ಎಂಬ ದೊಡ್ಡ ಗಿಳಿಯ ಕೊಕ್ಕು. ಆ ಗಿಳಿಗೂ ಈ ರಾಜವಂಶಕ್ಕೂ ಇರುವ ನಂಟು ಹೆಸರಿನಲ್ಲೇ ಇದೆ: ಮೂಲಪುರುಷ ಯಾಶ್ ಕುಕ್ ಮೋ ಎಂಬವನ ಹೆಸರಿನ ‘ಮೋ’ ಎಂದರೆ ಮಕಾ ಗಿಳಿ.

ಬರಹದ ಬೀಗ ತೆರೆದದ್ದು 20ನೆಯ ಶತಮಾನದ ನಡುವಿನಲ್ಲಿ. ಮಾಯಾ ಬರಹದಲ್ಲಿ ಉಚ್ಚಾರವನ್ನು ಸೂಚಿಸುವ ಚಿಹ್ನೆಗಳಿವೆಯೆಂದು ರಷ್ಯದ ಯೂರಿ ಕ್ನೊರೊಜೊವ್ 1952ರಲ್ಲಿ ತೋರಿಸಿದ. ಶಾಸನಗಳಲ್ಲಿರುವ ತೇದಿಗಳು ರಾಜರ ಹುಟ್ಟು, ಪಟ್ಟಾಭಿಷೇಕಗಳವೆಂದು ತಾತಿಯಾನಾ ಪ್ರೊಸ್ಕುರಿಯಾಕಾಫ್ 1960ರಲ್ಲಿ, ಬೇರೊಂದು ಮಾಯಾ ನಗರದ ಶಿಲೆಗಳಿಂದ, ಸಾಧಿಸಿದರು. ಆಗ ಜ್ಯೋತಿಷಿಗಳ ಸಭೆ ಕರಗಿತು. ಪೀಠದ ಹದಿನಾರು ಮಂದಿ ಕೋಪಾನಿನ ಹದಿನಾರು ಅರಸರು. 426ರಲ್ಲಿ ಅಧಿಕಾರ ಪಡೆದ ಯಾಶ್ ಕುಕ್ ಮೋ, 763ರಲ್ಲಿ ಪಟ್ಟಕ್ಕೆ ಬಂದ ಹದಿನಾರನೆಯ ಅರಸನಿಗೆ ರಾಜದಂಡವನ್ನು ನೀಡುತ್ತಿದ್ದಾನೆ. ನಡುವೆ ಮುನ್ನೂರಕ್ಕೂ ಮಿಕ್ಕಿದ ವರ್ಷಗಳು! 776ರಲ್ಲಿ ಇದನ್ನು ಕೆತ್ತಿಸಿದವನು ಆ ಹದಿನಾರನೆಯವನೇ. ಪೀಠದ ಹತ್ತಿರದ ಗುಂಡಿಯೊಂದರಲ್ಲಿ ಹದಿನೈದು ಜಾಗ್ವಾರ್‌ಗಳ ಎಲುಬುಗಳು ಸಿಕ್ಕಿವೆ. ಹಿಂದಿನ ಅರಸನೊಬ್ಬನಿಗೆ ಒಂದರಂತೆ ಬಲಿ.

ತನ್ನ ಹಕ್ಕನ್ನು ಇಷ್ಟು ಗಟ್ಟಿಯಾಗಿ ಸಾರಬೇಕಾಗಿ ಬಂದದ್ದೇಕೆ? ಉತ್ತರ ಹದಿಮೂರನೆಯ ಅರಸನ ಕಥೆಯಲ್ಲಿದೆ. 695ರಲ್ಲಿ ಪಟ್ಟವೇರಿದ ಆತನ ಕಾಲ ಕೋಪಾನ್ ಶಿಲ್ಪದ ಸುವರ್ಣಕಾಲ. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಹಸಿರು ಛಾಯೆಯ ಮೆದುಶಿಲೆಯಲ್ಲಿ ಅವನ ಪ್ರತಿಮೆಗಳು ಕಂಬದಿಂದ ಬಿಡಿಸಿಕೊಂಡು ಹೊರಬಂದಂತೆ ನಿಂತಿವೆ. ಒಂದೆರಡರಲ್ಲಿ ಹಳೆಯ ಕೆಂಪು ಬಣ್ಣವೂ ಉಳಿದಿದೆ. 738ರ ಜನವರಿಯಲ್ಲಿ ಅವನು ಚೆಂಡಾಟದ ಹೊಸ ಅಂಗಳವನ್ನು ಪ್ರತಿಷ್ಠೆ ಮಾಡಿಸಿದ. ಅದಾದ ನಾಲ್ಕೇ ತಿಂಗಳಲ್ಲಿ, ಉತ್ತರಕ್ಕೆ ಸುಮಾರು ಮೂವತ್ತು ಮೈಲಿ ದೂರದ ಕಿರಿಗುವಾದ ಅರಸ, ತನ್ನ ಅಧೀನನಾಗಿದ್ದವನೇ, ಅವನನ್ನು ಸೆರೆಹಿಡಿದು ಕೊಂದ. ಕಿರಿಗುವಾದ ಶಾಸನಗಳು ಶಿರಚ್ಛೇದವಾಯಿತೆಂದು ಹೇಳಿದರೆ, ಕೋಪಾನಿನ ಶಾಸನ ಅವನು ಯುದ್ಧದಲ್ಲಿ ಮಡಿದನೆಂದು ಗೌರವದಿಂದ ಹೇಳುತ್ತದೆ. ಕಲ್ಲಿನ ಮೇಲಿದ್ದ ಮಾತ್ರಕ್ಕೆ ಎಲ್ಲವೂ ಪಕ್ಷಪಾತವಿಲ್ಲದ ಸಾಕ್ಷಿಯಲ್ಲವಷ್ಟೆ.

ಆ ಮೇಲೆ ಸುಮಾರು ಹದಿನೇಳು ವರ್ಷ ಕೋಪಾನಿನಲ್ಲಿ ಹೊಸ ಸ್ಮಾರಕಗಳೇಳಲಿಲ್ಲ. ಹದಿನೈದನೆಯ ಅರಸ ಆ ಮೌನವನ್ನು ಮುರಿದ. ಹದಿಮೂರನೆಯವನು ಆರಂಭಿಸಿದ್ದ ಅಕ್ಷರಸೋಪಾನವನ್ನು ಆತ ಹಿಗ್ಗಿಸಿ ಮುಗಿಸಿದ. ಅರವತ್ತಕ್ಕೂ ಹೆಚ್ಚು ಮೆಟ್ಟಿಲು, ಎರಡು ಸಾವಿರಕ್ಕೂ ಹೆಚ್ಚು ಲಿಪಿಚಿತ್ರಗಳು; ರಾಜವಂಶದ ಚರಿತ್ರೆಯನ್ನೆಲ್ಲ ಹೇಳುವ, ಮಾಯಾ ಜನ ಕಲ್ಲಿನಲ್ಲಿ ಬರೆದ ಅತಿ ದೀರ್ಘವಾದ ಶಾಸನವೆಂದು ಹೆಸರಾದುದು. ದುರ್ದೈವವೆಂದರೆ ಅದರ ಬಹುಭಾಗ ಕುಸಿದುಬಿದ್ದಿತ್ತು. 1930ರ ದಶಕದಲ್ಲಿ ಕಾರ್ನೆಗಿ ಸಂಸ್ಥೆಯವರು ಮತ್ತೆ ಕಟ್ಟಿದಾಗ ಬರಹವನ್ನು ಓದಬಲ್ಲವರಿರಲಿಲ್ಲ. ಮೂಲಸ್ಥಾನದಲ್ಲಿ ಉಳಿದಿದ್ದ ಕೆಲವು ಮೆಟ್ಟಿಲುಗಳ ಹೊರತು ಉಳಿದ ಕಲ್ಲುಗಳು ಎಲ್ಲೆಲ್ಲಿಯೋ ಸೇರಿದವು. ಹೊಲಿಗೆ ಬಿಚ್ಚಿದ ಗ್ರಂಥದ ಹಾಳೆಗಳನ್ನು ಕಣ್ಣುಮುಚ್ಚಿ ಜೋಡಿಸಿದ ಹಾಗಾಯಿತು. ವಿದ್ವಾಂಸರು ಅವುಗಳ ಸರಿಯಾದ ಅನುಕ್ರಮವನ್ನು ಕಲ್ಲುಕಲ್ಲಾಗಿ ಹುಡುಕುತ್ತ ಬಂದಿದ್ದಾರೆ.

ನೆಲದೊಳಗೂ ಚರಿತ್ರೆ ಅಡಗಿತ್ತು. ಇಲ್ಲಿ ಹಳೆಯ ಕಟ್ಟಡದ ಮೇಲೆಯೇ ಹೊಸದನ್ನು ಕಟ್ಟುತ್ತಿದ್ದರು. ಹದಿನಾರು ಅರಸರ ಪೀಠದ ಹಿಂದಿರುವ ಗೋಪುರದೊಳಗೆ ಸುರಂಗ ತೋಡುತ್ತಿದ್ದಾಗ, 1989ರಲ್ಲಿ, ರಿಕಾರ್ಡೊ ಅಗುರ್ಸಿಯಾ ಎಂಬವರಿಗೆ ಕೆಂಪು ಬಣ್ಣದ ಗಾರೆಶಿಲ್ಪಗಳ ಸಮೇತ ಇಡಿಯ ಗುಡಿಯೊಂದು ಸಿಕ್ಕಿತು. ಅದಕ್ಕೂ ಕೆಳಗೆ, ಮೂಲಪುರುಷನದೆಂದು ನಂಬಲಾದ ಸಮಾಧಿ ದೊರೆಯಿತು. ಅಲ್ಲಿನ ಎಲುಬುಗಳ ಪರೀಕ್ಷೆಯಿಂದ ಆತ ಬೆಳೆದದ್ದು ಬೇರೆ ಪ್ರಾಂತದಲ್ಲಿ ಎಂದು ತಿಳಿದುಬಂತು. ಅವನು ಹೊರಗಿನಿಂದ ಬಂದವನೆಂದು ಪೀಠದ ಶಾಸನವೂ ಹೇಳುತ್ತದೆ.

822ರ ತೇದಿಯುಳ್ಳ ಇನ್ನೊಂದು ಪೀಠವಿದೆ. ಅದರ ಒಂದು ಮುಖ ಮಾತ್ರ ಪೂರ್ತಿಯಾಗಿದೆ. ಮಿಕ್ಕ ಕೆಲಸ ಅರ್ಧಕ್ಕೇ ನಿಂತಿದೆ. ಅಲ್ಲಿಗೆ ರಾಜವಂಶದ ಕಥೆ ಮುಗಿಯಿತು. ಕಣಿವೆಯಲ್ಲಿ ಜನ ಹೆಚ್ಚಿ, ಕಾಡು ಬೋಳಾಗಿ, ಅನ್ನದ ಅಭಾವವಾಯಿತೆಂದು ಕೆಲವರು, ಅರಸರ ಮೇಲಿನ ನಂಬಿಕೆ ಹೋಯಿತೆಂದು ಕೆಲವರು ಹೇಳುತ್ತಾರೆ. ಅಳಿದದ್ದು ಅರಸೊತ್ತಿಗೆಯೇ ಹೊರತು ಜನವಲ್ಲ. ಆ ಸೀಮೆಯಲ್ಲಿ ಚೋರ್ತಿ ಎಂಬ ಮಾಯಾ ಜನ ಇಂದಿಗೂ ಇದ್ದಾರೆ. ಶಾಸನಗಳ ಭಾಷೆಗೆ ಅವರ ನುಡಿ ಹತ್ತಿರದ ಬಂಧು. ಕಲ್ಲಿನ ಮಾತನ್ನು ಓದುವ ಪಂಡಿತರಿಗೆ ಅದು ಆಸರೆಯಾಗಿದೆ. 1980ರಲ್ಲಿ ಯುನೆಸ್ಕೊ ಕೋಪಾನನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.