ಕಿಣ್ವ: ಹೆಂಡದ ಮಡಕೆಯಿಂದ ಮಿದುಳಿಗೆ

ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮೊಸರು. ಆ ಒಂದು ಚಮಚಕ್ಕೆ ಕಡೂರು, ತರೀಕೆರೆಯ ಮನೆಗಳಲ್ಲಿ ಹೆಪ್ಪು ಎನ್ನುತ್ತಾರೆ. ಅಜ್ಜಂಪುರದಲ್ಲಿ ಇಂದಿಗೂ ಸಾಕುತ್ತಿರುವ ಅಮೃತಮಹಲ್ ರಾಸುಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆಗೆ ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದೇ ಹೆಸರು. ಹೆಪ್ಪಿಲ್ಲದೆ ಆ ಬೆಣ್ಣೆಯೂ ಇಲ್ಲ.

ಹಾಲಿಗೆ ಹೆಪ್ಪು ಹೇಗೋ ಹೆಂಡಕ್ಕೆ ಕಿಣ್ವ ಹಾಗೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉದ್ದು ಮತ್ತು ಅಕ್ಕಿ ಕಲಸಿ ಕಿಣ್ವ ಕಟ್ಟುವ ಅಳತೆಯೇ ಇದೆ. ಆದರೆ ಈ ಪದಕ್ಕೆ ನಿಜವಾದ ತೂಕ ತಂದವರು, ದೇಹ ಬಿಟ್ಟು ಬೇರೆ ಆತ್ಮವಿಲ್ಲ ಎಂದ ಪ್ರಾಚೀನ ಭಾರತದ ಚಾರ್ವಾಕರು. ಕಿಣ್ವ ಸೇರಿದ ಧಾನ್ಯದಲ್ಲಿ ಅಮಲು ಹುಟ್ಟುವಂತೆ ಮಣ್ಣು, ನೀರು, ಬೆಂಕಿ, ಗಾಳಿಯೆಂಬ ಭೂತಗಳು ಕೂಡಿದ ದೇಹದಲ್ಲಿ ಚೈತನ್ಯ ಹುಟ್ಟುತ್ತದೆ ಎಂದು ಅವರು ವಾದಿಸಿದರು. ಮನಸ್ಸನ್ನು ವಿವರಿಸಲು ಮಡಕೆಯ ಹುದುಗನ್ನು ಕೈಗೆತ್ತಿಕೊಂಡ ಆ ಧೈರ್ಯ ನನಗೆ ಇವತ್ತಿಗೂ ಬೆರಗು.

1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಎನ್‌ಜೈಮ್ ಎಂಬ ಪದ ಕಟ್ಟಿದರು. ಗ್ರೀಕಿನಲ್ಲಿ ಅದಕ್ಕೆ ‘ಹುದುಗಿನೊಳಗಿನದು’ ಎಂಬ ಅರ್ಥ. ಅದಕ್ಕೆ ಕಿಣ್ವ ಎಂದು ಕನ್ನಡ ಮಾಡಿದವರು ಎಷ್ಟು ಸರಿಯಾದ ಪದ ಹಿಡಿದರು!

ಈಗ ಆ ಪದ ಮತ್ತೆ ಮನಸ್ಸಿನ ಬಾಗಿಲಿಗೆ ಬಂದಿದೆ. ಸೊಪ್ಪಿನಲ್ಲಿ ಹೇರಳವಾಗಿರುವ ಫೋಲೇಟನ್ನು ದೇಹ ಬಳಸುವ ರೂಪಕ್ಕೆ ತಿರುಗಿಸುವ ಕಿಣ್ವವೊಂದಿದೆ, ಎಂಟಿಎಚ್‌ಎಫ್‌ಆರ್. ಇದರ ತೀವ್ರ ಕೊರತೆಯಿದ್ದ, ಇಲ್ಲದ ದನಿ ಕೇಳಿಸುವ ಮನೋರೋಗ ಸ್ಕಿಜೋಫ್ರೀನಿಯಾದಂಥ ಲಕ್ಷಣ ತೋರಿದ ಹದಿಹರೆಯದ ಹುಡುಗಿಯೊಬ್ಬಳು ಫೋಲಿಕ್ ಆಮ್ಲದಿಂದ ಚೇತರಿಸಿಕೊಂಡದ್ದನ್ನು ಅಮೆರಿಕದ ವೈದ್ಯರು 1975ರಲ್ಲಿ ವರದಿ ಮಾಡಿದರು. ಅಂಥ ಕೊರತೆ ಬಲು ಅಪರೂಪ. ಸಾಮಾನ್ಯವಾಗಿ ಕಾಣುವುದು ಇದೇ ಕಿಣ್ವದ ಜೀನಿನಲ್ಲಿ ಒಂದು ಅಕ್ಷರ ಬದಲಾದ ರೂಪ, 1995ರಲ್ಲಿ ಗುರುತಿಸಿದ್ದು. ತಂದೆ ತಾಯಿ ಇಬ್ಬರಿಂದಲೂ ಅದು ಬಂದವರಲ್ಲಿ ಕಿಣ್ವದ ಚುರುಕು ಸುಮಾರು ಶೇ. 30ಕ್ಕೆ ಇಳಿಯುತ್ತದೆ. ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಇವರಲ್ಲಿ ಸ್ಕಿಜೋಫ್ರೀನಿಯಾದ ಸಾಧ್ಯತೆ ತುಸು ಹೆಚ್ಚು ಕಂಡಿದೆ. ತುಸು ಮಾತ್ರ: ಈ ರೂಪವಿದ್ದ ಬಹುಪಾಲು ಜನರಿಗೆ ಕಾಯಿಲೆ ಬರುವುದೇ ಇಲ್ಲ.

ಹಾಗಾಗಿ ಈ ಕಾಯಿಲೆಗೆ ಒಂದು ಕಿಣ್ವವೇ ಕಾರಣವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಗಾಳಿ ಸೋಕಿದೆ, ತಾಯಿ ಸರಿಯಾಗಿ ಬೆಳೆಸಲಿಲ್ಲ ಎಂಬ ಮಾತನ್ನಂತೂ ಮನೆಯೊಳಗೆ ಬಿಡಬೇಡಿ. ಸೊಪ್ಪಿನ ಬಸ್ಸಾರು ಉಣ್ಣಿ, ಬಸಿದ ನೀರಿಗಿಳಿದ ಫೋಲೇಟೂ ಅದರಲ್ಲಿ ಉಳಿಯುತ್ತದೆ. ಆದರೆ ಸೊಪ್ಪನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಮನೆಯಲ್ಲಿ ಯಾರಿಗಾದರೂ ಇಲ್ಲದ ದನಿ ಕೇಳತೊಡಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.